ಸೀಲಿಂಗ್ ಟೈಲಿಗೆ ಹಳೆ ತಾಮ್ರದ ಕಳೆ: ಉಕ್ಕಿನ ಮೇಲೆ ವಿನೆಗರ್ ಸಿಂಪಡಿಸಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಲೋಹದ ಸೀಲಿಂಗ್ ಟೈಲುಗಳಿಗೆ ಹಳೆಯ ತಾಮ್ರದ ಕಳೆ ಕೊಡುವ ಬಗೆಯನ್ನು ಕುರಿತು ತಮ್ಮ ಪತ್ರಿಕೆಯ ಮನೆ ಅಲಂಕಾರದ ಪುಟದಲ್ಲಿ ಇತ್ತೀಚೆಗೆ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಗೋಡೆ ಮತ್ತು ನೆಲದ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ತಲೆಯ ಮೇಲಿನ ಸೀಲಿಂಗ್ ಕೂಡ ಅಂದಗೊಳಿಸಬೇಕಾದ ಜಾಗವೆಂದು ನೆನಪಿಸುವವರು ವಿರಳ. ಆ ಕಾರಣಕ್ಕೆ ಬರಹಗಾರರಿಗೆ ಕೃತಜ್ಞತೆ ಸಲ್ಲಿಸಿಯೇ ಮುಂದುವರಿಯುತ್ತೇನೆ. ಆದರೆ ಅಲ್ಲಿ ಕೊಟ್ಟಿರುವ ಎರಡು ಸಲಹೆಗಳನ್ನು ಹಾಗೆಯೇ ಬಿಡುವಂತಿಲ್ಲ. ವಿನೆಗರ್ ಮತ್ತು ಉಪ್ಪಿನ ದ್ರಾವಣವನ್ನು ಟೈಲಿನ ಮೇಲೆ ಸಿಂಪಡಿಸಿ ಬಿಟ್ಟರೆ ಹಸಿರು ಕಿಲುಬು ತಾನಾಗಿ ಮೂಡುತ್ತದೆ ಎಂಬುದು ಒಂದು. ಕೆಲಸ ಮುಗಿದ ಮೇಲೆ ಹೊಳಪಿನ ವಾರ್ನಿಷ್ ಬಳಿಯಬೇಕು ಎಂಬುದು ಇನ್ನೊಂದು. ಮೊದಲನೆಯದರಿಂದ ಟೈಲು ಕೆಡುತ್ತದೆ, ಎರಡನೆಯದರಿಂದ ಪಟ್ಟ ಶ್ರಮವೆಲ್ಲ ಕೆಡುತ್ತದೆ. ಲೋಹದ ಮೇಲ್ಮೈಗಳಿಗೆ ಬಣ್ಣ ಹಚ್ಚುವುದನ್ನೇ ವೃತ್ತಿಯಾಗಿಸಿಕೊಂಡಿರುವ ನಾನು, ಬರಹವನ್ನು ನಂಬಿ ಕೆಲಸಕ್ಕೆ ಕೈಹಾಕಲಿರುವ ಓದುಗರಿಗಾಗಿ ಈ ಪತ್ರವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ತಾಮ್ರದ ಸ್ವಭಾವವನ್ನು ನೋಡೋಣ. ಹೊಸ ತಾಮ್ರದ ತಗಡು ಕೆಂಪು ಬೆರೆತ ಕಿತ್ತಳೆಯ ಬಣ್ಣದಲ್ಲಿ ಹೊಳೆಯುತ್ತದೆ. ಗಾಳಿಯಲ್ಲಿರುವ ಆಮ್ಲಜನಕದೊಡನೆ ಸೇರುತ್ತಾ ಹೋದಂತೆ ಅದರ ಮೈಮೇಲೆ ಕ್ಯೂಪ್ರೈಟ್ ಎಂಬ ಆಕ್ಸೈಡಿನ ತೆಳುವಾದ ಪದರ ಬೆಳೆದು ಬಣ್ಣ ಕಂದಾಗುತ್ತದೆ; ಕಾಲ ಕಳೆದಂತೆ ಆ ಕಂದು ಗಾಢವಾಗಿ ಕೆಲವೆಡೆ ಕಪ್ಪಿಗೂ ತಿರುಗುತ್ತದೆ. ಹಸಿರು ಬರುವುದು ಇವೆಲ್ಲ ಆದ ಮೇಲೆ, ಅದೂ ಬಹಳ ನಿಧಾನವಾಗಿ. ಮಳೆ ಮತ್ತು ಇಬ್ಬನಿಯ ನೀರು ಗಾಳಿಯಲ್ಲಿನ ಗಂಧಕದ ಸಂಯುಕ್ತಗಳನ್ನು ಹೊತ್ತು ತಂದು ತಾಮ್ರದ ಮೇಲೆ ನಿಂತಾಗ ಬ್ರೋಕಾಂಟೈಟ್ ಎಂಬ ತಿಳಿಹಸಿರು ಖನಿಜ ಹುಟ್ಟುತ್ತದೆ. ಕಡಲ ತೀರದಲ್ಲಾದರೆ ಉಪ್ಪುಗಾಳಿಯ ಕ್ಲೋರೈಡಿನಿಂದ ಅಟಕಮೈಟ್ ಎಂಬ ಇನ್ನೊಂದು ಹಸಿರು ಖನಿಜ ಕೂಡ ಅದಕ್ಕೆ ಜೊತೆಯಾಗುತ್ತದೆ. ನ್ಯೂಯಾರ್ಕ್ ಬಂದರಿನ ಲಿಬರ್ಟಿ ಪ್ರತಿಮೆಯನ್ನು 1886ರಲ್ಲಿ ಲೋಕಾರ್ಪಣೆ ಮಾಡಿದಾಗ ಅದರ ಮೈ ತಾಮ್ರದ ಬಣ್ಣದಲ್ಲೇ ಇತ್ತು. ಅದು ಕಂದಾಗಿ, ಆಮೇಲೆ ಪೂರ್ತಿ ಹಸಿರಾಗಲು ದಶಕಗಳೇ ಹಿಡಿದವು. 1906ರ ಸುಮಾರಿಗೆ ಆ ಹಸಿರನ್ನು ಕೊಳೆಯೆಂದು ಭಾವಿಸಿ ಪ್ರತಿಮೆಗೆ ಬಣ್ಣ ಬಳಿಯುವ ಮಾತು ಎದ್ದಾಗ ಜನ ವಿರೋಧಿಸಿದರು. ಪರಿಶೀಲಿಸಿದ ಎಂಜಿನಿಯರುಗಳು ಹಸಿರು ಪದರವೇ ಒಳಗಿನ ತಾಮ್ರವನ್ನು ಕಾಯುತ್ತಿದೆ ಎಂದು ಕಂಡುಕೊಂಡರು. ನಾವು ಬಣ್ಣದಲ್ಲಿ ಅನುಕರಿಸಲು ಹೊರಟಿರುವುದು ನೀರು ಮತ್ತು ಗಾಳಿ ಸೇರಿ ಇಷ್ಟು ತಾಳ್ಮೆಯಿಂದ ಮಾಡಿದ ಕೆಲಸವನ್ನು.

ಇದರಲ್ಲಿ ಸೀಲಿಂಗ್ ಕೆಲಸಕ್ಕೆ ನೇರವಾಗಿ ತಾಕುವ ಒಂದು ಅಂಶವಿದೆ. ಕಟ್ಟಡದ ಒಳಗೆ ಮಳೆ ಬೀಳುವುದಿಲ್ಲ. ಹಾಗಾಗಿ ನಿಜವಾದ ತಾಮ್ರದ ತಗಡನ್ನೇ ಸೀಲಿಂಗಿಗೆ ಹೊಡೆದರೂ ಅದು ವರ್ಷಾನುವರ್ಷ ಕಂದಾಗಿಯೇ ಉಳಿಯುತ್ತದೆ. ಎಲ್ಲೋ ಮೇಲಿಂದ ನೀರು ಸೋರಿದ ಕಡೆ ಅಥವಾ ತೇವ ಹನಿಗಟ್ಟಿ ನಿಲ್ಲುವ ಕಡೆ ಮಾತ್ರ ಹಸಿರು ಕಾಣಿಸಿಕೊಳ್ಳಬಹುದು. ಸೀಲಿಂಗಿನ ತುಂಬ ಅಚ್ಚ ಹಸಿರು ಮೆತ್ತಿದಾಗ ಅದು ಕೃತಕವೆಂದು ಯಾವ ತಿಳಿವಳಿಕೆಯೂ ಇಲ್ಲದ ಕಣ್ಣಿಗೂ ಹೊಳೆದುಬಿಡುವುದಕ್ಕೆ ಕಾರಣ ಇದೇ. ನನ್ನ ಮಟ್ಟಿಗೆ ಹೇಳುವುದಾದರೆ ಒಳ್ಳೆಯ ಸೀಲಿಂಗಿನಲ್ಲಿ ಕಂದೇ ಯಜಮಾನ. ತಾಮ್ರದ ಹೊಳಪು ಅದರ ನಡುವೆ ಅಲ್ಲಲ್ಲಿ ಮಿನುಗಬೇಕು, ಹಸಿರು ಒಟ್ಟು ಮೇಲ್ಮೈಯ ಕಾಲು ಭಾಗವನ್ನು ಮೀರಬಾರದು. ಹಳೆಯ ಗುಮ್ಮಟದ ಹೊರಮೈಯಂತೆ ಪೂರ್ತಿ ಹಸಿರೇ ಬೇಕೆನ್ನುವವರೂ ಇದ್ದಾರೆ, ಅದು ಅವರವರ ರುಚಿ. ಅಂಥವರೂ ಕಂದನ್ನು ಅಡಿಪಾಯವಾಗಿ ಹಾಕಿಕೊಂಡೇ ಮೇಲೇರಬೇಕು.

ಇನ್ನು ಟೈಲಿನ ವಿಚಾರ. ಅಂಗಡಿಯಲ್ಲಿ ತವರದ ಟೈಲು ಎಂದು ಕರೆದರೂ ಅದು ತವರದ್ದಲ್ಲ. ತೆಳುವಾದ ಉಕ್ಕಿನ ತಗಡಿಗೆ ಅತಿ ತೆಳ್ಳಗೆ ತವರ ಹಿಡಿಸಿ, ಅಚ್ಚಿನಲ್ಲಿ ಒತ್ತಿ ಉಬ್ಬುಚಿತ್ತಾರ ಮೂಡಿಸಿದ್ದು. ಸತು ಹಿಡಿಸಿದ ಉಕ್ಕಿನವು, ಅಲ್ಯೂಮಿನಿಯಮ್ಮಿನವು, ಅಪರೂಪಕ್ಕೆ ಶುದ್ಧ ತಾಮ್ರದವು ಕೂಡ ಸಿಗುತ್ತವೆ. ಇಂಥ ಒತ್ತುತಗಡಿನ ಸೀಲಿಂಗುಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದಲ್ಲಿ ಹಬ್ಬಿದವು. ಸಿರಿವಂತರ ಮನೆಗಳಲ್ಲಿ ಕುಶಲಿಗಳು ಕೈಯಿಂದ ಮಾಡುತ್ತಿದ್ದ ಗಾರೆಯ ಚಿತ್ತಾರವನ್ನು ಸಾಮಾನ್ಯರ ಮನೆ, ಅಂಗಡಿ, ಶಾಲೆಗಳಿಗೂ ತರುವ ಅಗ್ಗದ ದಾರಿ ಅದಾಗಿತ್ತು. ಬೆಂಕಿಗೆ ಹೊತ್ತಿಕೊಳ್ಳುವುದಿಲ್ಲ ಎಂಬುದು ಅದರ ಇನ್ನೊಂದು ಗುಣವಾಗಿತ್ತು. ಅವುಗಳಿಗೆ ಹೆಚ್ಚಾಗಿ ಬಿಳಿ ಬಣ್ಣವನ್ನೇ ಬಳಿಯುತ್ತಿದ್ದರು, ನೋಡುವವರಿಗೆ ಗಾರೆಯಂತೆ ಕಾಣಲಿ ಎಂದು. ಆದ್ದರಿಂದ ಉಕ್ಕಿನ ತಗಡಿಗೆ ತಾಮ್ರದ ವೇಷ ಹಾಕುವುದು ಮೋಸವೆಂದು ಯಾರಾದರೂ ಮೂಗು ಮುರಿದರೆ ಅದನ್ನು ನಾನು ಒಪ್ಪುವುದಿಲ್ಲ. ಈ ಟೈಲುಗಳು ಹುಟ್ಟಿದ್ದೇ ಅನುಕರಣೆಗಾಗಿ. ಅನುಕರಣೆ ಚೆನ್ನಾಗಿರಬೇಕು, ಅಷ್ಟೆ.

ಉಕ್ಕಿನ ಮೇಲೆ ವಿನೆಗರ್ ಮತ್ತು ಉಪ್ಪು ಸಿಂಪಡಿಸಿದರೆ ಏನಾಗುತ್ತದೆ? ಹಸಿರು ಹುಟ್ಟಲು ತಾಮ್ರ ಬೇಕು. ಅಲ್ಲಿ ತಾಮ್ರವೇ ಇಲ್ಲ. ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕೂಡ ದಾಟದ ತವರದ ಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು, ಗೀರುಗಳು ಇದ್ದೇ ಇರುತ್ತವೆ. ಆಮ್ಲ ಮತ್ತು ಉಪ್ಪು ಆ ದಾರಿಯಲ್ಲಿ ಒಳಗಿಳಿದು ಉಕ್ಕಿಗೆ ತುಕ್ಕು ಹಿಡಿಸುತ್ತವೆ. ಸತುವಾದರೆ ತಾನು ಸವೆದು ಉಕ್ಕನ್ನು ಕಾಯುತ್ತದೆ. ತವರಕ್ಕೆ ಆ ಗುಣವಿಲ್ಲ, ಅದು ಗೀರಿದ ಜಾಗದಲ್ಲಿ ಉಕ್ಕಿನ ಸವೆತವನ್ನು ಇನ್ನೂ ಚುರುಕುಗೊಳಿಸುತ್ತದೆ. ಉಪ್ಪಿನ ಶೇಷ ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುವುದರಿಂದ ಮೇಲೆ ಬಣ್ಣ ಬಳಿದ ಎಷ್ಟೋ ತಿಂಗಳ ನಂತರವೂ ಅಡಿಯಲ್ಲಿ ತುಕ್ಕು ಬೆಳೆದು ಬಣ್ಣವನ್ನು ಗುಳ್ಳೆಯೆಬ್ಬಿಸಿ ಉದುರಿಸುತ್ತದೆ. ತಾಮ್ರದ ಲವಣವನ್ನೇ, ಅಂದರೆ ಮೈಲುತುತ್ತದ ದ್ರಾವಣವನ್ನು, ನೇರವಾಗಿ ಬಳಿಯಿರಿ ಎಂದು ಹೇಳುವವರೂ ಉಂಟು; ಅದು ಇನ್ನೂ ಕೆಟ್ಟದ್ದು. ಉಕ್ಕಿನ ಮೇಲೆ ಅದನ್ನು ಹಚ್ಚಿದ ಕೂಡಲೇ ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ, ಒಂದು ಗಳಿಗೆ ಕೆಂಪಗೆ ಚೆಂದವಾಗಿ ಕಾಣುತ್ತದೆ, ಆಮೇಲೆ ಎರಡು ಲೋಹಗಳ ನಡುವಣ ವಿದ್ಯುತ್ ರಾಸಾಯನಿಕ ಕ್ರಿಯೆಯಿಂದ ತುಕ್ಕು ವೇಗವಾಗಿ ಹರಡುತ್ತದೆ. ಅಲ್ಯೂಮಿನಿಯಮ್ಮಿನಲ್ಲಾದರೆ ಅದೇ ಲವಣ ಗುಳಿಗಳನ್ನು ಕೊರೆಯುತ್ತದೆ. ಲಿಬರ್ಟಿ ಪ್ರತಿಮೆಯಲ್ಲಿಯೂ ಕೆಟ್ಟದ್ದು ತಾಮ್ರದ ಮೈಯಲ್ಲ. ಅದನ್ನು ಒಳಗಿನಿಂದ ಹಿಡಿದಿದ್ದ ಕಬ್ಬಿಣದ ಪಟ್ಟಿಗಳು ತಾಮ್ರದ ಸಂಪರ್ಕದಲ್ಲಿ ತುಕ್ಕು ಹಿಡಿದು, 1986ರಲ್ಲಿ ಮುಗಿದ ದುರಸ್ತಿಯಲ್ಲಿ ಅವುಗಳ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿಗಳನ್ನು ಹಾಕಬೇಕಾಯಿತು. ಅಷ್ಟು ದೊಡ್ಡ ಸ್ಮಾರಕಕ್ಕೆ ಆದದ್ದು ಕಾಗದದಷ್ಟು ತೆಳ್ಳಗಿನ ಟೈಲಿಗೆ ಆಗದೇ ಇರುವುದಿಲ್ಲ.

ಆದ್ದರಿಂದ ಕೆಲಸ ಶುರುಮಾಡುವ ಮೊದಲು ಕೈಯಲ್ಲಿರುವ ಟೈಲು ಯಾವ ಲೋಹದ್ದೆಂದು ತಿಳಿದುಕೊಳ್ಳಿ. ಅಯಸ್ಕಾಂತ ಅಂಟಿಕೊಂಡರೆ ಉಕ್ಕು. ಅಂಟದೆ ಹಗುರವಾಗಿ ಬೆಳ್ಳಗಿದ್ದರೆ ಅಲ್ಯೂಮಿನಿಯಮ್. ಉಕ್ಕಿನ ಮೇಲೆ ಹರಳುಹರಳಾದ ಬೂದು ಚಿತ್ತಾರ ಕಂಡರೆ ಸತು ಹಿಡಿಸಿದ್ದೆಂದು ತಿಳಿಯಬಹುದು. ಕಾರ್ಖಾನೆಯಲ್ಲಿ ಅಚ್ಚಿಗೆ ಒತ್ತುವಾಗ ಬಳಸಿದ ಎಣ್ಣೆಯ ಪಸೆ ಹೊಸ ಟೈಲುಗಳ ಮೇಲೆ ಉಳಿದಿರುತ್ತದೆ, ಬಣ್ಣ ಸುಲಿದು ಬರುವ ಹತ್ತು ಪ್ರಕರಣಗಳಲ್ಲಿ ಹೆಚ್ಚಿನವಕ್ಕೆ ಆ ಪಸೆಯೇ ಕಾರಣವೆಂದು ನನ್ನ ಅನುಭವ ಹೇಳುತ್ತದೆ. ಜಿಡ್ಡು ತೆಗೆಯುವ ಮಾರ್ಜಕದಿಂದ ಎರಡೂ ಬದಿ ತೊಳೆದು, ಶುದ್ಧ ನೀರಿನಲ್ಲಿ ಜಾಲಿಸಿ, ನೀರು ಮೇಲ್ಮೈಯಲ್ಲಿ ಹೇಗೆ ನಿಲ್ಲುತ್ತದೆಂದು ನೋಡಬೇಕು: ಒಡೆಯದ ಒಂದೇ ಪರೆಯಾಗಿ ಹರಡಿದರೆ ಮೈ ಶುದ್ಧವಾಗಿದೆ, ಹನಿಹನಿಯಾಗಿ ಒಡೆದು ನಿಂತರೆ ಜಿಡ್ಡು ಇನ್ನೂ ಇದೆ. ತೊಳೆದ ಕೂಡಲೇ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಬೇಕು, ನೀರು ತಾನಾಗಿ ಆರಲಿ ಎಂದು ಬಿಡಬಾರದು. ಮೈಗೆ ಸ್ವಲ್ಪ ಒರಟುತನ ಬರಲೆಂದು ನಯವಾದ ಉಜ್ಜುಕಾಗದದಿಂದ ತಿಕ್ಕುವುದುಂಟು. ಹಾಗೆ ತಿಕ್ಕುವಾಗ ಕೈ ಹಗುರವಾಗಿರಬೇಕು, ತವರ ಸವೆದು ಉಕ್ಕು ಹೊರಬಿದ್ದರೆ ನಾವೇ ತುಕ್ಕಿಗೆ ಬಾಗಿಲು ತೆರೆದಂತೆ.

ಬಣ್ಣಕ್ಕೂ ಮೊದಲು ಬಳಿಯುವ ಅಡಿಪದರವಾದ ಪ್ರೈಮರಿನಲ್ಲಿ ಉಳಿತಾಯ ಮಾಡುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ, ಏಕೆಂದರೆ ಕಣ್ಣಿಗೆ ಕಾಣದ ಆ ಒಂದು ಪದರದ ಮೇಲೆಯೇ ಉಳಿದೆಲ್ಲವೂ ನಿಂತಿರುತ್ತದೆ. ತವರ ಹಿಡಿಸಿದ ಉಕ್ಕಿಗೆ ತುಕ್ಕು ತಡೆಯುವ ಲೋಹದ ಪ್ರೈಮರ್ ಬೇಕು. ಗೋಡೆಗೆ ಹಾಕುವ ನೀರಿನ ಪ್ರೈಮರನ್ನು ಬೆತ್ತಲೆ ಉಕ್ಕಿಗೆ ಬಳಿದರೆ ಅದು ಒಣಗುವಷ್ಟರಲ್ಲೇ ಕೆಂಪು ಚುಕ್ಕೆಗಳು ಮೇಲೇಳುತ್ತವೆ. ಸತುವಿನ ಮೈಗೆ ಎಣ್ಣೆ ಆಧಾರದ ಆಲ್ಕಿಡ್ ಪ್ರೈಮರ್ ನೇರವಾಗಿ ಹಾಕಕೂಡದು. ಸತು ಆ ಎಣ್ಣೆಯೊಡನೆ ವರ್ತಿಸಿ ಸಾಬೂನಿನಂಥ ಪದರವಾಗಿ, ವರ್ಷ ಕಳೆಯುವುದರೊಳಗೆ ಬಣ್ಣ ಹಾಳೆಹಾಳೆಯಾಗಿ ಕಳಚಬಹುದು. ಸತುವಿಗೂ ಅಲ್ಯೂಮಿನಿಯಮ್ಮಿಗೂ ಅವವಕ್ಕೆಂದೇ ತಯಾರಾದ, ಮೈಯನ್ನು ಕಚ್ಚಿ ಹಿಡಿಯುವ ಪ್ರೈಮರುಗಳಿವೆ, ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳಬೇಕು. ಟೈಲಿನ ಅಂಚು, ಕತ್ತರಿಸಿದ ಬಾಯಿ, ಹಿಂಬದಿ ಇವಕ್ಕೂ ಒಂದು ಪದರ ಸೇರಬೇಕು. ಕತ್ತರಿಸಿದ ಬಾಯಿಯಲ್ಲಿ ಉಕ್ಕು ಪೂರ್ತಿ ಬೆತ್ತಲೆಯಾಗಿರುತ್ತದೆ, ತುಕ್ಕು ಸಾಮಾನ್ಯವಾಗಿ ಅಲ್ಲಿಂದಲೇ ಹೊರಡುತ್ತದೆ.

ಈಗ ಬಣ್ಣದ ಕೆಲಸ. ಬಹಳ ಮಂದಿ ಮೊದಲು ತಾಮ್ರದ ಬಣ್ಣ ಬಳಿದು ಅದರ ಮೇಲೆ ಹಸಿರು ಒತ್ತುತ್ತಾರೆ. ಆಗ ಟೈಲಿಗೆ ಆಳವೇ ಬರುವುದಿಲ್ಲ. ಮೊದಲ ಪದರ ಕಪ್ಪಿಗೆ ಹತ್ತಿರವಾದ ಗಾಢ ಕಂದು ಆಗಿರಬೇಕು, ಹೊಳಪಿಲ್ಲದ ಮ್ಯಾಟ್ ಬಣ್ಣವಾಗಿರಬೇಕು, ಚಿತ್ತಾರದ ತಗ್ಗುಗಳ ತಳದವರೆಗೂ ತಲುಪಿರಬೇಕು. ಅದು ಚೆನ್ನಾಗಿ ಒಣಗಿದ ಮೇಲೆ ತಾಮ್ರದ ಲೋಹೀಯ ಬಣ್ಣವನ್ನು ಕುಂಚದ ತುದಿಗೆ ತುಸು ತಗುಲಿಸಿ, ಹೆಚ್ಚಿನದನ್ನು ಬಟ್ಟೆಗೆ ಒರೆಸಿ, ಬಹುತೇಕ ಒಣಗಿದ ಕುಂಚವನ್ನು ಉಬ್ಬುಗಳ ಮೇಲಷ್ಟೇ ಹಗುರವಾಗಿ ಆಡಿಸಬೇಕು. ತಗ್ಗುಗಳಲ್ಲಿ ಕಂದು ಹಾಗೆಯೇ ಉಳಿಯುತ್ತದೆ, ಉಬ್ಬುಗಳಲ್ಲಿ ತಾಮ್ರ ಏಳುತ್ತದೆ, ಚಪ್ಪಟೆ ಜಾಗದಲ್ಲಿ ಎರಡೂ ಬೆರೆತು ನಡುವಣ ಬಣ್ಣ ಬರುತ್ತದೆ. ಕೆಂಪು ತಾಮ್ರ, ಮಸುಕು ತಾಮ್ರ ಎಂದು ಎರಡು ಛಾಯೆಗಳನ್ನು ಇಟ್ಟುಕೊಂಡರೆ ಒಳ್ಳೆಯದು. ಲೋಹೀಯ ಬಣ್ಣ ಕೊಳ್ಳುವಾಗ ಗಮನಿಸಬೇಕಾದ ಒಂದು ಸಂಗತಿಯಿದೆ: ನಿಜವಾದ ತಾಮ್ರ ಅಥವಾ ಕಂಚಿನ ಪುಡಿ ಬೆರೆಸಿದ ಬಣ್ಣಗಳು ಕಾಲಕ್ರಮದಲ್ಲಿ ತಾವೇ ಮಂಕಾಗುತ್ತವೆ; ಕಾಗೆಬಂಗಾರದ, ಅಂದರೆ ಅಭ್ರಕದ, ಸಣ್ಣ ಚಕ್ಕೆಗಳಿಗೆ ಕಬ್ಬಿಣದ ಆಕ್ಸೈಡ್ ಲೇಪಿಸಿ ತಯಾರಿಸಿದ ಬಣ್ಣಗಳು ತಾಮ್ರದಂತೆಯೇ ಮಿನುಗಿದರೂ ಬದಲಾಗದೆ ನಿಲ್ಲುತ್ತವೆ. ಸೀಲಿಂಗಿಗೆ ಮತ್ತೆ ಮತ್ತೆ ಕೈಹಚ್ಚಲಾಗದ್ದರಿಂದ ನಾನು ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ.

ತಾಮ್ರ ಒಣಗಿದ ಮೇಲೆ, ಹಸಿರಿಗೆ ಹೋಗುವ ಮುನ್ನ, ಅಂಬರ್ ಎಂಬ ಮಣ್ಣುಕಂದು ಬಣ್ಣವನ್ನು ಪಾರದರ್ಶಕ ಗ್ಲೇಝಿನಲ್ಲಿ ತೆಳ್ಳಗೆ ಕಲಸಿ ಇಡೀ ಟೈಲಿಗೆ ಹಚ್ಚಿ ಕೂಡಲೇ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಹೊಸದಾಗಿ ಹೊಳೆಯುತ್ತಿದ್ದ ತಾಮ್ರಕ್ಕೆ ವಯಸ್ಸು ಬರುವುದು ಈ ಹಂತದಲ್ಲಿ. ಇಲ್ಲಿಗೇ ನಿಲ್ಲಿಸಿದರೂ ನಿಜವಾದ ಹಳೆ ತಾಮ್ರದ ಸೀಲಿಂಗಿಗೆ ಅದು ಸಾಕಷ್ಟು ಹತ್ತಿರವಾಗಿಯೇ ಇರುತ್ತದೆ, ಎಷ್ಟೋ ಕೋಣೆಗಳಿಗೆ ಅಷ್ಟೇ ಒಪ್ಪುತ್ತದೆ.

ಹಸಿರು ಬೇಕೆನ್ನುವವರು ಅಂಗಡಿಯ ಸಿದ್ಧ ಹಸಿರನ್ನು ಹಾಗೇ ಬಳಸಬಾರದು. ಅದು ಎಲೆಯ ಹಸಿರು. ತಾಮ್ರದ ಕಿಲುಬು ಎಲೆಯ ಹಸಿರಲ್ಲ. ಕಿಲುಬಿನಲ್ಲಿ ನೀಲಿ ಇದೆ, ಬಿಳಿ ಇದೆ, ಎಲ್ಲಕ್ಕಿಂತ ಮುಖ್ಯವಾಗಿ ಬೂದು ಇದೆ. ಕ್ರೋಮಿಯಮ್ ಆಕ್ಸೈಡಿನ ಮಂದ ಹಸಿರು ಇದಕ್ಕೆ ಒಳ್ಳೆಯ ಆಧಾರ. ಥ್ಯಾಲೋ ನೀಲಿ ಮತ್ತು ಥ್ಯಾಲೋ ಹಸಿರು ಎಂಬ ಅತಿ ದಟ್ಟ ವರ್ಣಗಳನ್ನು ಬಳಸುವುದಾದರೆ ಬಹಳ ಜಾಗರೂಕತೆ ಬೇಕು, ಒಂದು ಹನಿ ಹೆಚ್ಚಾದರೆ ಇಡೀ ಡಬ್ಬಿಯನ್ನು ನುಂಗಿಬಿಡುವಷ್ಟು ಶಕ್ತಿ ಅವಕ್ಕಿದೆ. (ಈ ವರ್ಣಗಳ ಅಣುವಿನ ನಡುವೆ ಇರುವುದು ತಾಮ್ರದ ಪರಮಾಣುವೇ ಎಂಬುದು ನನಗೆ ಸದಾ ಖುಷಿ ಕೊಡುವ ಸಂಗತಿ.) ಹಸಿರು ಕಣ್ಣಿಗೆ ಹೊಡೆಯುತ್ತಿದ್ದರೆ ಅದಕ್ಕೆ ಕಪ್ಪು ಬೆರೆಸಬೇಡಿ, ಕೊಳಕಾಗುತ್ತದೆ, ಚೂರು ಕೆಂಗಂದು ಬೆರೆಸಿದರೆ ಹಸಿರಿನ ಪೊಗರು ತಾನಾಗಿ ಇಳಿಯುತ್ತದೆ. ನೀಲಿ ಬೆರೆತ ಗಾಢ ಹಸಿರು, ಅದಕ್ಕಿಂತ ತಿಳಿಯಾದ ನಡುವಣ ಹಸಿರು, ಸುಣ್ಣದಂತೆ ಬಹುತೇಕ ಬೆಳ್ಳಗಿರುವ ಹಸಿರು, ಹೀಗೆ ಮೂರನ್ನು ಕಲಸಿಟ್ಟುಕೊಳ್ಳಬೇಕು. ಗಾಢವಾದದ್ದನ್ನು ತಗ್ಗುಗಳಿಗೆ ಕುಂಚದಿಂದ ತುಂಬಿ, ಉಬ್ಬುಗಳ ಮೇಲೆ ಬಿದ್ದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ನಡುವಣದ್ದನ್ನು ಹಿಂಡಿದ ಸ್ಪಂಜಿನಿಂದ, ಪ್ರತಿ ಸಲವೂ ಸ್ಪಂಜನ್ನು ತಿರುಗಿಸುತ್ತಾ, ಗಾಢ ಹಸಿರಿನ ಅಂಚುಗಳಲ್ಲಿ ತಟ್ಟಬೇಕು. ಇನ್ನೂ ಹಸಿಯಿರುವಾಗ ನೀರನ್ನು ತುಂತುರಾಗಿ ಸಿಂಪಡಿಸಿದರೆ ಅಂಚು ಮೃದುವಾಗಿ ಕರಗುತ್ತದೆ. ಬಿಳಿಹಸಿರು ಬೇಕಾಗುವುದು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ, ಹಸಿರು ಈಗಾಗಲೇ ದಟ್ಟವಾಗಿರುವ ಜಾಗದಲ್ಲಿ. ಎಲ್ಲ ಮುಗಿದ ಮೇಲೆ ಅತಿ ಎತ್ತರದ ಉಬ್ಬುಗಳ ತುದಿಗೆ ಬೆರಳಿನಿಂದಲೇ ತುಸು ತಾಮ್ರವನ್ನು ಮತ್ತೆ ಸವರಿದರೆ ಚಿತ್ತಾರಕ್ಕೆ ಜೀವ ಬರುತ್ತದೆ.

ಹಸಿರು ಎಲ್ಲಿರಬೇಕು ಎಂಬುದು ನಾನು ಬಹಳ ಯೋಚಿಸಿದ ಪ್ರಶ್ನೆ. ಕೈಗೆಟಕುವ ತಾಮ್ರದ ವಸ್ತುವಿನಲ್ಲಿ ಉಬ್ಬುಗಳು ಕೈ ತಾಗಿ ಸವೆದು ಹೊಳೆಯುತ್ತವೆ, ತಗ್ಗಿನಲ್ಲಿ ಕಿಲುಬು ಉಳಿಯುತ್ತದೆ. ಸೀಲಿಂಗನ್ನು ಯಾರೂ ಮುಟ್ಟುವುದಿಲ್ಲ; ಅಲ್ಲಿ ತೇವ ಹನಿಗಟ್ಟಿದರೆ ಅದು ಕೆಳಮುಖವಾಗಿ ಚಾಚಿದ ಉಬ್ಬುಗಳ ತುದಿಯಲ್ಲಿಯೇ ತೂಗಬೇಕು. ಪ್ರಕೃತಿಯ ಲೆಕ್ಕಕ್ಕೆ ಕಟ್ಟುಬಿದ್ದರೆ ಹಸಿರು ಅಲ್ಲಿಗೇ ಹೋಗಬೇಕಾಗುತ್ತದೆ. ಆದರೆ ಕೆಳಗೆ ನಿಂತು ನೋಡುವವರಿಗೆ ಚಿತ್ತಾರ ಸ್ಪಷ್ಟವಾಗಿ ಕಾಣಬೇಕಾದರೆ ತಗ್ಗು ಗಾಢವಾಗಿದ್ದು ಉಬ್ಬು ಬೆಳಗಬೇಕು, ನಮ್ಮ ಕಣ್ಣು ಒಗ್ಗಿಕೊಂಡಿರುವುದೂ ಅದಕ್ಕೇ. ಹಾಗಾಗಿ ಟೈಲಿನ ಒಡಲಿನಲ್ಲಿ ನಾನು ಕಣ್ಣಿನ ಮಾತನ್ನು ಕೇಳುತ್ತೇನೆ. ಟೈಲುಗಳು ಕೂಡುವ ಸಂದು, ಮೊಳೆಯ ಸುತ್ತು, ಗೋಡೆಗೆ ತಾಗುವ ಅಂಚು ಇಂಥ ಕಡೆಗಳಲ್ಲಿ ನೀರಿನ ಮಾತನ್ನು ಕೇಳಿ, ಅಲ್ಲಿ ಹಸಿರನ್ನು ತುಸು ಅಗಲಿಸುತ್ತೇನೆ. ಮೇಲಿಂದ ನೀರು ಇಳಿಯುವುದಾದರೆ ಇಳಿಯುವ ದಾರಿ ಅದೇ ಅಲ್ಲವೇ? ಗೋಡೆಯ ಮೇಲೆ ಸುರಿದಂತೆ ಉದ್ದುದ್ದ ಗೆರೆಯಾಗಿ ಹರಿದ ಹಸಿರು ಮಾತ್ರ ಸೀಲಿಂಗಿನಲ್ಲಿ ಎಂದೂ ಬರಕೂಡದು. ಸಮತಟ್ಟಾದ ತಗಡಿನ ಮೇಲೆ ನೀರು ಗೆರೆಯಾಗಿ ಹರಿಯುವುದಿಲ್ಲ, ಉಂಗುರವಾಗಿ, ಮಚ್ಚೆಯಾಗಿ ನಿಲ್ಲುತ್ತದೆ.

ಮೇಜಿನ ಮೇಲೆ ಬೆಳಕಿನಲ್ಲಿ ಚೆಂದ ಕಂಡ ಟೈಲು ಮೇಲಕ್ಕೆ ಹೋದ ಮೇಲೆ ಬೇರೆಯೇ ಆಗಿ ಕಾಣುತ್ತದೆ ಎಂಬುದನ್ನೂ ಬರಹ ಹೇಳಬೇಕಿತ್ತು. ದೂರದಿಂದ ಸಣ್ಣ ಚುಕ್ಕೆಗಳು ಮಾಯವಾಗಿ ಎಲ್ಲ ಒಂದೇ ಬೂದಾಗುತ್ತದೆ, ಆದ್ದರಿಂದ ಗಾಢ ಮತ್ತು ತಿಳಿಯ ನಡುವಣ ಅಂತರ ಹತ್ತಿರದಿಂದ ತುಸು ಅತಿ ಎನಿಸುವಷ್ಟು ಇರಬೇಕು. ದೀಪದ ಬಣ್ಣವೂ ಆಟ ಆಡುತ್ತದೆ: 2700 ಕೆಲ್ವಿನ್ನಿನ ಹಳದಿ ಬೆಳಕಿನಲ್ಲಿ ತಾಮ್ರ ಉರಿದು ಹಸಿರು ಕಂದಿದಂತಾಗುತ್ತದೆ, 6500 ಕೆಲ್ವಿನ್ನಿನ ಬಿಳಿ ಬೆಳಕಿನಲ್ಲಿ ಹಸಿರು ಮುಂದೆ ನುಗ್ಗಿ ತಾಮ್ರ ಸಪ್ಪಗಾಗುತ್ತದೆ. ಒಂದು ಟೈಲನ್ನು ಪೂರ್ತಿ ಮುಗಿಸಿ, ಅದು ಇರಬೇಕಾದ ಕೋಣೆಯಲ್ಲಿ, ಇರಬೇಕಾದ ಎತ್ತರದಲ್ಲಿ, ಅಲ್ಲಿಯ ದೀಪವನ್ನೇ ಹಾಕಿ ಹಗಲೂ ರಾತ್ರಿಯೂ ನೋಡಿದ ನಂತರವೇ ಉಳಿದವಕ್ಕೆ ಕೈಹಾಕುವುದು ಸುರಕ್ಷಿತ.

ನಿಜವಾದ ಕಿಲುಬೇ ಬೇಕು, ಬಣ್ಣದ್ದು ಬೇಡ ಎನ್ನುವವರಿಗೆ ಒಂದು ದಾರಿಯಿದೆ. ನಿಜವಾದ ತಾಮ್ರದ ಪುಡಿಯನ್ನು ನೀರಿನ ಅಂಟಿನಲ್ಲಿ ಕಲಸಿದ ಬಣ್ಣಗಳೂ, ಅವುಗಳ ಮೇಲೆ ಸಿಂಪಡಿಸಿ ಹಸಿರು ಹುಟ್ಟಿಸುವ ದ್ರಾವಣಗಳೂ ಸಿಗುತ್ತವೆ. ಆ ಬಣ್ಣದ ಎರಡನೆಯ ಪದರ ಇನ್ನೂ ಅಂಟಂಟಾಗಿರುವಾಗಲೇ ದ್ರಾವಣ ಸಿಂಪಡಿಸಿದರೆ ಅದು ತಾಮ್ರದ ಕಣಗಳನ್ನು ತಲುಪಿ ಕೆಲವು ಗಂಟೆಗಳಿಂದ ಒಂದೆರಡು ದಿನಗಳಲ್ಲಿ ಹಸಿರು, ನೀಲಿ ಅರಳುತ್ತವೆ. ಅದರ ಚೆಲುವನ್ನು ಕುಂಚ ಸರಿಗಟ್ಟಲಾರದು ಎಂದು ಒಪ್ಪಲೇಬೇಕು. ಆದರೆ ಆ ದ್ರಾವಣದಲ್ಲಿರುವುದೂ ಆಮ್ಲ, ಕ್ಲೋರೈಡುಗಳೇ. ಅದು ಉಕ್ಕಿಗೆ ಇಳಿಯದಂತೆ ತಡೆಯುವುದಕ್ಕೆಂದೇ ಮಾಡಿದ ಪ್ರೈಮರನ್ನು ಒಂದೂ ರಂಧ್ರ ಉಳಿಯದಂತೆ ಹಾಕಿದ ಮೇಲೆಯೇ ಈ ವಿಧಾನಕ್ಕೆ ಹೋಗಬೇಕು. ಬಣ್ಣ ಎಲ್ಲಿ, ಎಷ್ಟು ಅರಳುತ್ತದೆ ಎಂಬುದು ನಮ್ಮ ಹಿಡಿತದಲ್ಲಿ ಇರುವುದಿಲ್ಲ. ಹವೆಯ ತೇವ ಬದಲಾದರೆ ನಿನ್ನೆ ಮಾಡಿದ ಟೈಲಿಗೂ ಇಂದು ಮಾಡಿದ ಟೈಲಿಗೂ ಹೋಲಿಕೆ ತಪ್ಪಬಹುದು. ಮೊದಲ ಸಲ ಮಾಡುವವರು ಇಡೀ ಸೀಲಿಂಗನ್ನು ಇದರ ಪಾಲಿಗೆ ಬಿಡದಿರುವುದು ಒಳ್ಳೆಯದು.

ಈಗ ಹೊಳಪಿನ ವಾರ್ನಿಷಿನ ಮಾತು. ಹಳೆಯ ತಾಮ್ರದ ಸೌಂದರ್ಯ ಬಣ್ಣದಲ್ಲಿ ಇರುವಷ್ಟೇ ಹೊಳಪಿನ ವ್ಯತ್ಯಾಸದಲ್ಲಿಯೂ ಇದೆ. ಸವೆದ ತಾಮ್ರ ಬೆಳಕನ್ನು ಹಿಂದಿರುಗಿಸುತ್ತದೆ, ಕಿಲುಬು ಅದನ್ನು ಹೀರಿಕೊಳ್ಳುತ್ತದೆ. ಕೋಣೆಯಲ್ಲಿ ನಡೆದಾಡುವಾಗ ಸೀಲಿಂಗು ಉಸಿರಾಡುವಂತೆ ಕಾಣುವುದು ಈ ಎರಡರ ನಡುವಣ ಅಂತರದಿಂದ. ಎಲ್ಲದರ ಮೇಲೂ ಒಂದೇ ಹೊಳಪಿನ ಪರೆ ಎಳೆದರೆ ಆ ಅಂತರ ಅಳಿದುಹೋಗಿ ಟೈಲು ಪ್ಲಾಸ್ಟಿಕ್ಕಿನಂತಾಗುತ್ತದೆ. ಹಾಗೆಯೇ ಪುಡಿಪುಡಿಯಾದ ನಿಜವಾದ ಕಿಲುಬಿನ ಮೇಲೆ ವಾರ್ನಿಷ್ ಬಿದ್ದರೆ ಅದು ಒದ್ದೆಯಾದಂತೆ ಗಾಢವಾಗಿ, ಬಿಳಿಹಸಿರಿನ ನವುರು ಮರಳಿ ಬಾರದಂತೆ ಹೋಗುತ್ತದೆ. ಒಣ ಕೋಣೆಯ ಸೀಲಿಂಗಿಗೆ, ಬಣ್ಣದ ವಿಧಾನದಲ್ಲಿ ಮಾಡಿದ್ದಾದರೆ, ರಕ್ಷಕ ಲೇಪವೇ ಬೇಕಿಲ್ಲ. ಯಾರೂ ಮುಟ್ಟದ ಜಾಗಕ್ಕೆ ಅದು ಯಾವ ಉಪಕಾರವನ್ನೂ ಮಾಡುವುದಿಲ್ಲ. ಅಡುಗೆಮನೆಯ ಜಿಡ್ಡು ಏರುವ ಕಡೆ, ಸ್ನಾನದ ಕೋಣೆಯ ಹಬೆ ತಾಗುವ ಕಡೆ ಮಾತ್ರ ಪೂರ್ತಿ ಮ್ಯಾಟ್ ಆದ, ನೀರಿನ ಆಧಾರದ, ಹಳದಿಗೆ ತಿರುಗದ ಲೇಪವನ್ನು ತೆಳ್ಳಗೆ ಸಿಂಪಡಿಸಬಹುದು. ಆಗ ತಾಮ್ರವೂ ತುಸು ಮಂಕಾಗುವುದರಿಂದ, ಲೇಪ ಒಣಗಿದ ಮೇಲೆ ಉಬ್ಬುಗಳಿಗೆ ಇನ್ನೊಮ್ಮೆ ತಾಮ್ರ ಸವರಬೇಕಾಗುತ್ತದೆ.

ಟೈಲುಗಳನ್ನು ನೆಲದ ಮೇಲೆ ಮುಗಿಸಿಕೊಂಡು ಆಮೇಲೆ ಮೇಲೇರಿಸುವುದು ಕುತ್ತಿಗೆಗೂ ಕೆಲಸಕ್ಕೂ ಹಿತ. ಆಕ್ರಿಲಿಕ್ ಬಣ್ಣ ಗಂಟೆಯೊಳಗೆ ಕೈಗೆ ಒಣಗಿದಂತೆ ಅನಿಸಿದರೂ ಪೂರ್ತಿ ಗಟ್ಟಿಯಾಗಲು ಎರಡರಿಂದ ನಾಲ್ಕು ವಾರ ಬೇಕು. ಅದಕ್ಕೂ ಮೊದಲೇ ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಂಡು ಸುಲಿಯುತ್ತವೆ. ಒಂದೇ ದಿನ ಮಾಡಿದ ಟೈಲುಗಳನ್ನು ಒಂದೇ ಕಡೆ ಕೂರಿಸದೆ ಎಲ್ಲ ದಿನಗಳವನ್ನೂ ಕಲಸಿ ಹರಡಬೇಕು, ಇಲ್ಲದಿದ್ದರೆ ಕೈಯ ದಣಿವು ಸೀಲಿಂಗಿನ ಮೇಲೆ ಪಟ್ಟೆಯಾಗಿ ಕಾಣುತ್ತದೆ. ಮೊಳೆ ಹೊಡೆಯುವ ಬಗೆಯ ಟೈಲುಗಳಲ್ಲಿ ಮೊಳೆಯ ತಲೆ, ಸಂದು, ಕತ್ತರಿಸಿದ ಅಂಚು ಇವಕ್ಕೆ ಮೇಲೆಯೇ ಬಣ್ಣ ತಿದ್ದಬೇಕಾದ್ದರಿಂದ ಕಲಸಿದ ಪ್ರತಿ ಬಣ್ಣದಲ್ಲೂ ಸ್ವಲ್ಪ ತೆಗೆದಿಡುವುದನ್ನು ಮರೆಯಬಾರದು.

ಹಳೆಯ ಕಟ್ಟಡದಲ್ಲಿ ಮೊದಲೇ ಇರುವ ಟೈಲುಗಳ ವಿಚಾರ ಬೇರೆ. ಅವುಗಳ ಮೇಲಿನ ಹಳೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಬಲವಾಗಿದೆ. ಅಮೆರಿಕದಲ್ಲಿಯೇ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಅಂಥ ಬಣ್ಣವನ್ನು ಒಣದಾಗಿ ಉಜ್ಜಿದರೆ, ಬೆಂಕಿಯ ಪಂಪಿನಿಂದ ಸುಟ್ಟರೆ ಏಳುವ ದೂಳು ಮತ್ತು ಹೊಗೆ ಮಕ್ಕಳ ಮಿದುಳಿನ ಬೆಳವಣಿಗೆಗೇ ಕುತ್ತು ತರುತ್ತವೆ. ಮೊದಲು ಪರೀಕ್ಷೆ ಮಾಡಿಸಬೇಕು, ಸೀಸ ಇದೆಯೆಂದು ತಿಳಿದರೆ ಅದನ್ನು ಬಲ್ಲವರಿಗೆ ಒಪ್ಪಿಸಬೇಕು. ಕಟ್ಟಡಕ್ಕೆ ಇತಿಹಾಸದ ಬೆಲೆ ಇದ್ದರೆ ಮೂಲದ ಬಣ್ಣವನ್ನು ಮುಚ್ಚಿ ತಾಮ್ರದ ವೇಷ ಹಾಕುವುದನ್ನು ನಾನು ಬೇಡವೆಂದೇ ಹೇಳುತ್ತೇನೆ.

ಕೊನೆಯದಾಗಿ ಸಂಪಾದಕರಲ್ಲಿ ಒಂದು ವಿನಂತಿ. ಬರಹದಲ್ಲಿ ಅಮೋನಿಯಾದ ಹೆಸರೂ ಬಂದಿದೆ, ಕೆಲಸ ಮುಗಿದ ಮೇಲೆ ಬ್ಲೀಚಿನಿಂದ ಪಾತ್ರೆ ತೊಳೆಯಿರಿ ಎಂಬ ಮಾತೂ ಬಂದಿದೆ. ಅಮೋನಿಯಾ ಮತ್ತು ಬ್ಲೀಚ್ ಬೆರೆತರೆ ಕ್ಲೋರಮೈನ್ ಎಂಬ ವಿಷಾನಿಲ ಏಳುತ್ತದೆ. ವಿನೆಗರ್ ಮತ್ತು ಬ್ಲೀಚ್ ಬೆರೆತರೆ ಕ್ಲೋರಿನ್. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇವೆರಡೂ ಪ್ರಾಣಕ್ಕೆ ಅಪಾಯಕಾರಿ. ತಾಮ್ರದ ಲವಣವಿರುವ ನೀರನ್ನು ಚರಂಡಿಗೆ ಸುರಿದರೆ ಅದು ಹೋಗಿ ಸೇರುವ ಕೆರೆ, ಹೊಳೆಗಳ ಮೀನುಗಳಿಗೆ ಅದು ವಿಷ. ಎಣ್ಣೆ ಆಧಾರದ ಗ್ಲೇಝ್ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅವು ತಾವಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲವು. ಅವನ್ನು ಬಿಡಿಸಿ ಹೊರಗೆ ಹರಡಿ ಒಣಗಿಸಬೇಕು, ಅಥವಾ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಯಲ್ಲಿ ಹಾಕಬೇಕು. ನನ್ನ ಪತ್ರ ಪೂರ್ತಿ ಪ್ರಕಟವಾಗಲು ಜಾಗವಿಲ್ಲದಿದ್ದರೆ ಉಳಿದದ್ದನ್ನು ಕೈಬಿಟ್ಟರೂ ಅಡ್ಡಿಯಿಲ್ಲ. ಈ ಎಚ್ಚರಿಕೆಗಳನ್ನೂ, ಉಕ್ಕಿನ ಟೈಲಿಗೆ ವಿನೆಗರ್ ಹಾಗೂ ಉಪ್ಪು ಸಿಂಪಡಿಸಬಾರದು ಎಂಬ ತಿದ್ದುಪಡಿಯನ್ನೂ ಅದೇ ಪುಟದ ಮುಂದಿನ ಸಂಚಿಕೆಯಲ್ಲಿ, ಮೊದಲ ಬರಹವನ್ನು ಓದಿದವರ ಕಣ್ಣಿಗೆ ಬೀಳುವಂತೆ ಪ್ರಕಟಿಸಬೇಕಾಗಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಲೋಹಕ್ಕೆ ಬಣ್ಣ ಹಚ್ಚುವ ವೃತ್ತಿಯ ಓರ್ವ ಓದುಗ